ನಾಲ್ಕು ಜನರ ಕಣ್ಣಲ್ಲಿ ‘ನಾನು’

ತಾನು ಯಾರು, ಎಂಥವನು, ತನ್ನ ಯೋಗ್ಯತೆ ಎಷ್ಟು ಎಂಬ ತಿಳಿವಳಿಕೆಯನ್ನು ಯಾರೂ ಹುಟ್ಟುವಾಗ ತರುವುದಿಲ್ಲ. ಸುತ್ತಲಿನವರು ತನ್ನನ್ನು ಹೇಗೆ ಕರೆಯುತ್ತಾರೆ, ಎಲ್ಲಿ ಕೂರಿಸುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಮುಖ ತಿರುಗಿಸುತ್ತಾರೆ ಎಂದು ನೋಡಿ ನೋಡಿ ಮನುಷ್ಯ ಅದನ್ನು ಕೂಡಿಸಿಕೊಳ್ಳುತ್ತಾನೆ. ಸಮಾಜಶಾಸ್ತ್ರವೂ ಮನಶ್ಶಾಸ್ತ್ರವೂ ನೂರಿಪ್ಪತ್ತು ವರ್ಷಗಳಿಂದ ಈ ಸಂಗತಿಯನ್ನು ಹಲವು ದಿಕ್ಕಿನಿಂದ ಪರೀಕ್ಷಿಸುತ್ತ ಬಂದಿವೆ. ಕನ್ನಡದ ಆಡುಮಾತು ಅದನ್ನು ಎರಡೇ ಪದದಲ್ಲಿ ಹಿಡಿದಿಟ್ಟಿದೆ: ‘ನಾಲ್ಕು ಜನ’. ನಾಲ್ಕು ಜನ ಏನಂದುಕೊಳ್ಳುತ್ತಾರೆ, ನಾಲ್ಕು ಜನರ ಮುಂದೆ ತಲೆ ಎತ್ತಿ ಓಡಾಡಬೇಕು, ನಾಲ್ಕು ಜನರಂತೆ ಬಾಳಬೇಕು. ಈ ನಾಲ್ವರು ಯಾರೆಂದು ಕೇಳಿದರೆ ಯಾರೂ ಹೆಸರು ಹೇಳಲಾರರು. ಆದರೂ ಅವರು ಪ್ರತಿಯೊಬ್ಬರ ತಲೆಯೊಳಗೂ ಜಗಲಿ ಹಾಕಿಕೊಂಡು ಕೂತಿರುತ್ತಾರೆ.

ಮೈಸೂರು ಜಿಲ್ಲೆಯ ತಿ. ನರಸೀಪುರ, ನಂಜನಗೂಡು ತಾಲ್ಲೂಕುಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ತಿ. ನರಸೀಪುರ ತಾಲ್ಲೂಕಿನಲ್ಲಿ ಬನ್ನೂರಿನ ಬಳಿ ಕೊಡಗಹಳ್ಳಿ ಎಂಬ ಊರಿದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಲ್ಲಿ ಬಿಡಾರ ಹೂಡಿ, ಊರಿನ ಹೆಸರು ಮರೆಸಲು ‘ರಾಂಪುರ’ ಎಂದು ಕರೆದು ಬರೆದರು. ಲೋಕದ ಸಮಾಜಶಾಸ್ತ್ರ ಓದುವವರಿಗೆಲ್ಲ ಆ ರಾಂಪುರ ಪರಿಚಿತ. ಅದೇ 1948ರಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದವರು ಲೇಖಕ ದೇವನೂರ ಮಹಾದೇವ. ಒಬ್ಬರು ಹಳ್ಳಿಯ ನೋಟಕ್ಕೆ ಹೊರಗಿನಿಂದ ಬಂದು ಸಿಕ್ಕಿಕೊಂಡವರು, ಇನ್ನೊಬ್ಬರು ಆ ನೋಟದೊಳಗೇ ಹುಟ್ಟಿ ಅದನ್ನು ತಿರುಗಿ ನೋಡಿದವರು.

ದೃಷ್ಟಿಬೊಟ್ಟು ಮತ್ತು ಕನ್ನಡಿ

ಎಳೆಗೂಸನ್ನು ಹೊರಗೆ ಎತ್ತಿಕೊಂಡು ಹೋಗುವಾಗ ಕೆನ್ನೆಗೊಂದು ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತಾರೆ. ಕಂಡವರ ಕಣ್ಣು ಮಗುವಿಗೆ ತಾಕೀತೆಂಬ ಅಂಜಿಕೆ. ಮಗುವಿಗೆ ಮಾತ್ರ ಬೊಟ್ಟಿನ ಪರಿವೆಯೇ ಇಲ್ಲ. ಒಂದು ವರ್ಷದ ಕೂಸನ್ನು ಕನ್ನಡಿಯ ಮುಂದೆ ಕೂರಿಸಿದರೆ ಒಳಗಿರುವ ಮಗುವನ್ನು ಕಂಡು ನಗುತ್ತದೆ, ಗಾಜನ್ನು ತಟ್ಟುತ್ತದೆ, ಆ ಕಡೆ ಯಾರಿದ್ದಾರೆಂದು ಇಣುಕುತ್ತದೆ. ಒಂದೂವರೆ ವರ್ಷ ದಾಟಿ ಎರಡು ತುಂಬುವುದರೊಳಗೆ ಒಂದು ದಿನ ಅದರ ಕೈ ಕನ್ನಡಿಯ ಕಡೆ ಹೋಗದೆ ತನ್ನ ಕೆನ್ನೆಗೇ ಹೋಗುತ್ತದೆ. ಬೊಟ್ಟು ಇರುವುದು ತನ್ನ ಮೇಲೆ ಎಂದು ಅದಕ್ಕೆ ಗೊತ್ತಾಗಿರುತ್ತದೆ. ಮಕ್ಕಳ ಮೂಗಿಗೆ ಗೊತ್ತಾಗದಂತೆ ಬಣ್ಣ ಹಚ್ಚಿ ಸಂಶೋಧಕರು ಮಾಡಿದ ಪರೀಕ್ಷೆಯೂ ಇದೇ. 1972ರಲ್ಲಿ ಪ್ರಕಟವಾದ ಆ ಅಧ್ಯಯನದ ನಂತರ ಅದನ್ನು ಎಷ್ಟೋ ಕಡೆ ಮತ್ತೆ ಮಾಡಿ ನೋಡಿದ್ದಾರೆ. ಮಗು ನಾಚಿಕೊಳ್ಳಲು ಕಲಿಯುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ತನ್ನನ್ನು ತಾನು ಗುರುತಿಸಿಕೊಂಡ ಮಗು ತನ್ನನ್ನು ಬೇರೆಯವರು ನೋಡುತ್ತಿದ್ದಾರೆ ಎಂಬುದನ್ನೂ ಗುರುತಿಸುತ್ತದೆ.

ಈ ಅರಿವು ಬರಲು ಒಡನಾಟ ಬೇಕೇ ಬೇಕೆ? ಮನುಷ್ಯರ ಮೇಲೆ ಅಂಥ ಪ್ರಯೋಗ ಮಾಡುವಂತಿಲ್ಲ. ಚಿಂಪಾಂಜಿಗಳ ಮೇಲೆ ಮಾಡಿದ ಪ್ರಯೋಗವೊಂದು ಸುಳಿವು ಕೊಡುತ್ತದೆ. ಚಿಂಪಾಂಜಿಗಳು ಕನ್ನಡಿಯಲ್ಲಿ ತಮ್ಮನ್ನು ಗುರುತಿಸಬಲ್ಲವು ಎಂದು ಅಮೆರಿಕದ ಗಾರ್ಡನ್ ಗ್ಯಾಲಪ್ 1970ರಲ್ಲಿ ತೋರಿಸಿದರು. ಮರುವರ್ಷ ಅವರೂ ಸಂಗಡಿಗರೂ ಒಂಟಿಯಾಗಿ ಬೆಳೆದ ಚಿಂಪಾಂಜಿಗಳಿಗೆ ಅದೇ ಪರೀಕ್ಷೆ ಒಡ್ಡಿದಾಗ ಅವು ಸೋತವು. ತನ್ನ ಜಾತಿಯ ಇನ್ನೊಂದರ ಮುಖ ನೋಡದೆ ಬೆಳೆದ ಪ್ರಾಣಿಗೆ ಕನ್ನಡಿಯೊಳಗಿನ ಮುಖ ತನ್ನದೆಂದು ಹೊಳೆಯಲಿಲ್ಲ.

ಮೂರು ಮೆಟ್ಟಿಲು

ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರ ತಮ್ಮ ಪುಸ್ತಕದಲ್ಲಿ ಮನುಷ್ಯನ ಆತ್ಮಭಾವವನ್ನು ಕನ್ನಡಿಗೆ ಹೋಲಿಸಿದರು. ಅವರ ವಿವರಣೆಯಲ್ಲಿ ಮೂರು ಮೆಟ್ಟಿಲುಗಳಿವೆ. ಮೈಸೂರಿನ ಕಾಲೇಜಿಗೆ ಸೇರಿದ ಹುಡುಗ ಮೊದಲ ಸಲ ಹೊಸ ಪ್ಯಾಂಟು ತೊಟ್ಟು ಊರಿನ ಸ್ಟಾಪಿನಲ್ಲಿ ಬಸ್ಸಿಳಿದು ಅರಳಿಕಟ್ಟೆಯ ಮುಂದೆ ನಡೆದು ಹೋಗುತ್ತಾನೆ ಎನ್ನೋಣ. ಕಟ್ಟೆಯ ಮೇಲೆ ಕೂತವರಿಗೆ ತಾನು ಹೇಗೆ ಕಾಣುತ್ತಿರಬಹುದೆಂದು ಊಹಿಸುವುದು ಮೊದಲ ಮೆಟ್ಟಿಲು. ಹಾಗೆ ಕಂಡ ತನ್ನ ಬಗ್ಗೆ ಅವರು ಏನು ತೀರ್ಮಾನಿಸಿರಬಹುದೆಂದು ಊಹಿಸುವುದು ಎರಡನೆಯದು: ‘ಪರವಾಗಿಲ್ಲ, ಓದಿ ಮುಂದೆ ಬಂದ’ ಎಂದೋ, ‘ನೋಡ್ಲಾ ಇವನ ಸೋಕಿಯ’ ಎಂದೋ. ಆ ಊಹೆಯಿಂದ ಒಳಗೆ ಏಳುವ ಹೆಮ್ಮೆ ಅಥವಾ ಅವಮಾನ ಮೂರನೆಯದು. ಇಷ್ಟರಲ್ಲಿ ಕಟ್ಟೆಯ ಮೇಲಿದ್ದವರು ಬಾಯಿ ಬಿಡದೆಯೂ ಇರಬಹುದು, ಅವನನ್ನು ನೋಡದೆಯೂ ಇರಬಹುದು. ಕೂಲಿಯ ವಾದದ ತಿರುಳು ಇಲ್ಲಿದೆ. ಮನುಷ್ಯನನ್ನು ರೂಪಿಸುವುದು ಬೇರೆಯವರ ಅಭಿಪ್ರಾಯಕ್ಕಿಂತ ಹೆಚ್ಚಾಗಿ ಆ ಅಭಿಪ್ರಾಯದ ಬಗ್ಗೆ ಅವನಿಗಿರುವ ಕಲ್ಪನೆ.

ಷಿಕಾಗೋ ವಿಶ್ವವಿದ್ಯಾಲಯದ ಜಾರ್ಜ್ ಹರ್ಬರ್ಟ್ ಮೀಡ್ ಈ ಕಲ್ಪನಾಶಕ್ತಿ ಮಗುವಿಗೆ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. 1931ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಪಾಠದ ಟಿಪ್ಪಣಿಗಳನ್ನು ಕಲೆಹಾಕಿ 1934ರಲ್ಲಿ ಪುಸ್ತಕ ಮಾಡಿದರು. ಮೀಡ್ ಅವರ ಉತ್ತರ ಆಟದಲ್ಲಿದೆ. ನಾಲ್ಕು ವರ್ಷದ ಹುಡುಗಿ ಹಿತ್ತಲಲ್ಲಿ ಕರಟಕ್ಕೆ ಮಣ್ಣು ತುಂಬಿ ಅನ್ನವೆಂದು ಬಡಿಸುತ್ತ, ಬೊಂಬೆಗೆ ‘ಚೆಲ್ಲಬ್ಯಾಡ, ನೆಟ್ಟಗೆ ಉಣ್ಣು’ ಎಂದು ಅವ್ವನ ದನಿಯಲ್ಲೇ ಗದರುತ್ತಾಳೆ. ಅವ್ವನ ಜಾಗದಲ್ಲಿ ನಿಂತಾಗ ಅನ್ನ ಚೆಲ್ಲುವ ತಾನು ಹೇಗೆ ಕಾಣುತ್ತೇನೆಂದು ಮೊದಲ ಬಾರಿಗೆ ಆಚೆಯಿಂದ ನೋಡುತ್ತಾಳೆ. ಕೆಲವು ವರ್ಷ ಕಳೆದು ಲಗೋರಿ ಆಡುವ ಹೊತ್ತಿಗೆ ಒಬ್ಬರ ಪಾತ್ರ ಸಾಲದು. ಚೆಂಡು ಹೊಡೆಯುವವರು, ಬಿಲ್ಲೆ ಜೋಡಿಸುವವರು, ಎದುರು ಗುಂಪಿನವರು, ಎಲ್ಲರೂ ತನ್ನಿಂದ ಏನು ನಿರೀಕ್ಷಿಸುತ್ತಾರೆಂದು ಒಟ್ಟಿಗೆ ತಲೆಯಲ್ಲಿಟ್ಟುಕೊಂಡೇ ಆಡಬೇಕು. ಹೀಗೆ ಬೇರೆ ಬೇರೆ ಜನರ ನಿರೀಕ್ಷೆಗಳು ಬೆರೆತು, ಯಾರ ಮುಖವೂ ಇಲ್ಲದ ಒಂದೇ ದನಿಯಾಗಿ ಒಳಗೆ ನೆಲೆಸುವುದನ್ನು ಮೀಡ್ ‘ಸಾಮಾನ್ಯೀಕೃತ ಅನ್ಯ’ ಎಂಬ ಅರ್ಥದ ಪದದಿಂದ ಕರೆದರು. ಅದು ನಮ್ಮ ‘ನಾಲ್ಕು ಜನ’ವೇ.

ಹೆಸರು, ಕರೆ, ಕೂರುವ ಜಾಗ

ನಾಲ್ಕು ಜನರ ಅಭಿಪ್ರಾಯ ಮೊದಲು ತಲುಪುವುದು ಹೆಸರಿನ ಮೂಲಕ. ದೇವನೂರ ಮಹಾದೇವರ ‘ಅಮಾಸ’ ಕಥೆಯ ಹುಡುಗನಿಗೆ ಆ ಹೆಸರು ಬಂದದ್ದು ಅವನು ಕಪ್ಪಗಿದ್ದುದಕ್ಕೋ, ಅಮಾವಾಸ್ಯೆಯ ದಿನ ಹುಟ್ಟಿದ್ದಕ್ಕೋ ಊರಿಗೆ ಸರಿಯಾಗಿ ಗೊತ್ತಿಲ್ಲ. ಕೇಳೋಣವೆಂದರೆ ಹೆತ್ತವರಿಲ್ಲ. ಅವನಿಗೆ ಆಸರೆಯಾದ ಮುದುಕ ಕುರಿ ಕಾಯುತ್ತ ಕಾಯುತ್ತ ಕುರಿಯಯ್ಯನಾಗಿ, ಇದ್ದ ಹೆಸರನ್ನೇ ಕಳೆದುಕೊಂಡವನು. ಒಬ್ಬನ ಮೈಬಣ್ಣ, ಒಬ್ಬನ ಕೆಲಸ ಊರಿನ ಕಣ್ಣಿಗೆ ಬಿದ್ದವು, ಅವೇ ಗುರುತಾದವು. ಮಾರಿಹಬ್ಬದ ಹುಲಿವೇಷದಲ್ಲಿ ಕುಣಿದಾಗಲೇ ಊರು ಅಮಾಸನನ್ನು ಕಣ್ಣರಳಿಸಿ ನೋಡುವುದು.

ಹೆಸರಿನ ಬೆನ್ನಿಗೆ ಬರುವುದು ಕರೆಯುವ ಬಗೆ. ಕನ್ನಡದಲ್ಲಿ ಒಬ್ಬರನ್ನು ಮಾತಾಡಿಸಬೇಕಾದರೆ ಅವರ ಎತ್ತರ ಅಳೆಯದೆ ವಾಕ್ಯವೇ ಮುಗಿಯುವುದಿಲ್ಲ. ‘ಬಾರ್ಲಾ’, ‘ಬಾಪ್ಪ’, ‘ಬನ್ನಿ’, ‘ಬನ್ನಿ ಬುದ್ಧಿ’ ಎಂಬ ನಾಲ್ಕು ಕರೆಗಳಲ್ಲಿ ನಾಲ್ಕು ಅಂತಸ್ತುಗಳಿವೆ. ಈ ಸೀಮೆಯಲ್ಲಿ ದಲಿತ ಹಿರಿಯರು ಮೇಲ್ಜಾತಿಯ ಎಳೆಯ ಹುಡುಗನನ್ನೂ ‘ಬುದ್ಧಿ’ ಎನ್ನುತ್ತಿದ್ದರು, ಆ ಹುಡುಗ ಅಜ್ಜನ ವಯಸ್ಸಿನವರನ್ನು ಏಕವಚನದಲ್ಲಿ ಕರೆಯುತ್ತಿದ್ದ. ಇಬ್ಬರ ಮನೆಯ ಮಕ್ಕಳೂ ಇದನ್ನು ಕೇಳುತ್ತಲೇ ಬೆಳೆದರು. ಯಾರೂ ಕೂರಿಸಿ ಪಾಠ ಹೇಳದಿದ್ದರೂ ಒಂದು ಮಗು ತಾನು ದೊಡ್ಡವನೆಂದೂ ಇನ್ನೊಂದು ತಾನು ಚಿಕ್ಕವನೆಂದೂ ದಿನಕ್ಕೆ ಹತ್ತು ಸಲ ಕಲಿತವು. ಹೋಟೆಲಿನಲ್ಲಿ ಬೇರೆ ಲೋಟ, ಜಗಲಿಯ ಕೆಳಗೆ ನಿಲ್ಲುವ ಜಾಗ, ಮೇಲಿನಿಂದ ಸುರಿಯುವ ನೀರು, ಇವೂ ಅದೇ ಪಾಠದ ಮುಂದಿನ ಪುಟಗಳು.

ಹೆಂಗಸರ ಪಾಠ ಬೇರೆ ಬಗೆಯದು. ಹುಟ್ಟಿದ ಮನೆಯಲ್ಲಿ ಇಂಥವರ ಮಗಳು, ಸೇರಿದ ಮನೆಯಲ್ಲಿ ಇಂಥವರ ಹೆಂಡತಿ, ಮಗ ಹುಟ್ಟಿದ ಮೇಲೆ ಅವನ ಹೆಸರಿಗೆ ‘ಅವ್ವ’ ಸೇರಿಸಿ ಕರೆಸಿಕೊಳ್ಳುವವಳು. ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದು ಬೀದಿಯಲ್ಲಿ ಮರೆತುಹೋಗುತ್ತದೆ.

ರಾಂಪುರದ ಕಣ್ಣು

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಶ್ರೀನಿವಾಸ್ ರಾಂಪುರಕ್ಕೆ ಬರುವಾಗ ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದಿದ್ದರು, ಅಲ್ಲೇ ಅಧ್ಯಾಪಕರಾಗಿ ನೇಮಕಗೊಂಡಿದ್ದರು. ತಾವು ಸಂಶೋಧಕ, ಎಲ್ಲರೊಡನೆ ಬೆರೆತು ಎಲ್ಲವನ್ನೂ ನೋಡಬೇಕಾದವರು ಎಂಬುದು ಅವರ ಲೆಕ್ಕ. ಊರಿನ ಲೆಕ್ಕ ಬೇರೆಯಿತ್ತು. ಊರಿಗೆ ಅವರು ಬ್ರಾಹ್ಮಣ, ಮೈಸೂರಿನ ಮರ್ಯಾದಸ್ಥ ಮನೆತನದವರು, ಊರ ಯಜಮಾನರ ಅತಿಥಿ. ಒಂದು ಬೆಳಿಗ್ಗೆ ಅವರು ಸ್ನಾನ ಮುಗಿಸಿ ಆಮೇಲೆ ಗಡ್ಡ ಕೆರೆದುಕೊಂಡರು. ಊರು ಅದನ್ನು ಗಮನಿಸಿತು, ಆಕ್ಷೇಪಿಸಿತು: ಕ್ಷೌರ ಮೈಲಿಗೆ, ಮೊದಲು ಕ್ಷೌರ ಆಮೇಲೆ ಸ್ನಾನ ಎಂಬುದು ಬ್ರಾಹ್ಮಣನಿಗೆ ಗೊತ್ತಿರಬೇಡವೆ? ಮೈಸೂರಿನಲ್ಲೋ ಆಕ್ಸ್‌ಫರ್ಡಿನಲ್ಲೋ ಯಾರೂ ಕೇಳದ ಪ್ರಶ್ನೆಯನ್ನು ಒಕ್ಕಲುತನದ ಊರು ಕೇಳಿತು. ತಾವು ಪೂರ್ತಿಯಾಗಿ ನಂಬದಿದ್ದ ಮಡಿಯನ್ನು ಅವರು ಊರಿನ ಕಣ್ಣಿಗಾಗಿ ಪಾಲಿಸಬೇಕಾಯಿತು.

ಆ ಗುರುತು ಅವರ ದಿನಚರಿಯನ್ನಷ್ಟೇ ಬದಲಿಸಲಿಲ್ಲ. ಯಾರ ಮನೆಗೆ ಹೋಗಬಹುದು, ಯಾರೊಡನೆ ಸಲುಗೆಯಿಂದ ಇರಬಹುದು ಎಂಬುದನ್ನೂ ಅದೇ ತೀರ್ಮಾನಿಸಿತು. ಯಜಮಾನ ಒಕ್ಕಲಿಗರ ಒಡನಾಟ ಹೆಚ್ಚಿತು, ದಲಿತರ ಕೇರಿಯ ಒಡನಾಟ ತೆಳುವಾಯಿತು. ತಾವು ಊರನ್ನು ಕಂಡದ್ದು ಮೇಲ್ಜಾತಿಯ ಕಡೆಯಿಂದ ಎಂದು ಶ್ರೀನಿವಾಸ್ ಮುಂದೆ ಒಪ್ಪಿಕೊಂಡರು. ನೋಡಲು ಹೋದವರು ಏನನ್ನು ನೋಡಬಹುದೆಂಬುದನ್ನು ನೋಡಿಸಿಕೊಂಡ ಊರೇ ನಿರ್ಧರಿಸಿತ್ತು.

1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಗೆ ಬೆಂಕಿ ಬಿದ್ದು, ಪರಿಷ್ಕರಿಸಿ ಇಟ್ಟಿದ್ದ ರಾಂಪುರದ ಟಿಪ್ಪಣಿಗಳೆಲ್ಲ ಸುಟ್ಟವು. ಹೆಚ್ಚಾಗಿ ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಊರಿನ ಸಂಬಂಧಗಳ ಗುಣವನ್ನು ವಿವರಿಸುವ ಅಧ್ಯಾಯದಲ್ಲಿ ಕೊಡುಕೊಳ್ಳುವಿಕೆ, ಮೇಲುಕೀಳು, ಮುಖ, ಸ್ನೇಹ-ವೈರ, ಹೊಟ್ಟೆಕಿಚ್ಚು, ಕಾಡುಹರಟೆಗಳನ್ನು ಅವರು ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ. ಮುಖ ಎಂದರೆ ಇಲ್ಲಿ ನಾಲ್ಕು ಜನರೆದುರು ಉಳಿಸಿಕೊಳ್ಳಬೇಕಾದ ಮಾನ. ಕೊಡುಕೊಳ್ಳುವಿಕೆಯ ಹೆಸರು ಮುಯ್ಯಿ. ಮದುವೆಯ ಚಪ್ಪರದ ಬಾಗಿಲಲ್ಲಿ ಮೇಜಿಟ್ಟುಕೊಂಡು ಒಬ್ಬರು ಕೂತಿರುತ್ತಾರೆ. ಬಂದವರ ಹೆಸರು, ಊರು, ಕೊಟ್ಟ ಮೊತ್ತ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆಯುತ್ತಾರೆ. ಮದುವೆ ಮುಗಿದ ಮೇಲೆ ಮನೆಯವರು ಆ ಪುಸ್ತಕ ಬಿಚ್ಚುತ್ತಾರೆ: ಯಾರು ಬಂದರು, ಯಾರು ತಪ್ಪಿಸಿದರು, ನಾವು ಹಾಕಿದ್ದಕ್ಕಿಂತ ಕಡಿಮೆ ಹಾಕಿದವರು ಯಾರು. ಪ್ರತಿ ಮನೆಯ ಟ್ರಂಕಿನಲ್ಲಿ ಬೇರೆಯವರ ಬಗ್ಗೆ ಇಂಥದೊಂದು ದಾಖಲೆ ಇರುತ್ತದೆ. ಎಂದರೆ ಪ್ರತಿಯೊಬ್ಬನ ಒಂದೊಂದು ಸಾಲು ಊರಿನ ಎಷ್ಟೋ ಟ್ರಂಕುಗಳಲ್ಲಿ ಹಂಚಿಹೋಗಿರುತ್ತದೆ. ಅವನಿಗೆ ಅದು ಗೊತ್ತು. ಸಾಲ ಮಾಡಿಯಾದರೂ ಮುಯ್ಯಿ ತೀರಿಸುವುದು ಇದಕ್ಕೇ.

ಶ್ರೀನಿವಾಸ್ ರಾಂಪುರದಲ್ಲಿದ್ದ ಆಸುಪಾಸಿನ ವರ್ಷಗಳಲ್ಲೇ, 1949ರಿಂದ 1951ರ ನಡುವೆ, ಕೆನಡಾದ ಅರ್ವಿಂಗ್ ಗಾಫ್‌ಮನ್ ಸ್ಕಾಟ್ಲೆಂಡಿನ ಷೆಟ್ಲೆಂಡ್ ದ್ವೀಪದ ಹಳ್ಳಿಯೊಂದರಲ್ಲಿ ಇದೇ ಬಗೆಯ ಕೆಲಸ ಮಾಡುತ್ತಿದ್ದರು. ಅಲ್ಲಿನ ಪುಟ್ಟ ಹೋಟೆಲಿನವರು ಊಟದ ಕೋಣೆಯಲ್ಲಿ ಒಂದು ರೀತಿ, ಅಡುಗೆಮನೆಯಲ್ಲಿ ಇನ್ನೊಂದು ರೀತಿ ಇರುವುದನ್ನು ಕಂಡು, ದಿನನಿತ್ಯದ ಬದುಕನ್ನು ರಂಗಸ್ಥಳ ಮತ್ತು ಚೌಕಿಮನೆಗಳ ಲೆಕ್ಕದಲ್ಲಿ ವಿವರಿಸಿದರು. 1956ರಲ್ಲಿ ಪ್ರಕಟವಾದ ಆ ಪುಸ್ತಕವೂ ಮುಖ ಉಳಿಸಿಕೊಳ್ಳುವುದರ ಕುರಿತ ಅವರ ಲೇಖನವೂ ರಾಂಪುರದ ‘ಮುಖ’ಕ್ಕೆ ದೂರದ ನೆಂಟರು.

ಎಲ್ಲರಿಗೂ ಒಂದೇ ಕನ್ನಡಿಯಲ್ಲ

ಕೂಲಿಯ ಕನ್ನಡಿಯಲ್ಲಿ ಒಂದು ಕೊರತೆಯಿದೆ. ಕನ್ನಡಿ ಹಿಡಿಯುವ ಕೈ ಯಾರದೆಂದು ಅದು ಕೇಳುವುದಿಲ್ಲ. ಹಳ್ಳಿಯಲ್ಲಿ ಎಲ್ಲರ ನೋಟಕ್ಕೂ ಒಂದೇ ತೂಕವಿಲ್ಲ. ಜಮೀನು, ಜನಬಲ ಮತ್ತು ಜಾತಿಯ ಅಂತಸ್ತು ಕೂಡಿದ ಗುಂಪು ಊರಿನ ಮೇಲೆ ಹಿಡಿತ ಸಾಧಿಸುವುದನ್ನು ರಾಂಪುರದಲ್ಲಿ ಕಂಡ ಶ್ರೀನಿವಾಸ್ ಅದನ್ನು ‘ಪ್ರಬಲ ಜಾತಿ’ ಎಂದು ಕರೆದರು. ಕೊಡಗಿನ ಬಗ್ಗೆ 1952ರಲ್ಲಿ ಹೊರತಂದ ಪುಸ್ತಕದಲ್ಲಿ ಅವರು ಚಲಾವಣೆಗೆ ತಂದ ‘ಸಂಸ್ಕೃತೀಕರಣ’ ಎಂಬ ಮಾತೂ ಇದಕ್ಕೆ ಸೇರಿದ್ದು. ಕೆಳಗಿನ ಅಂತಸ್ತಿನ ಜಾತಿ ಮಾಂಸ, ಮದ್ಯ ಬಿಟ್ಟು, ಮಕ್ಕಳ ಹೆಸರು ಬದಲಿಸಿ, ಮೇಲಿನವರ ಆಚರಣೆ ಹಿಡಿಯುವುದೆಂದರೆ ಮೇಲಿನವರ ಕಣ್ಣಿನಿಂದ ತನ್ನನ್ನು ನೋಡಿಕೊಂಡು ತಿದ್ದಿಕೊಳ್ಳುವುದು. ಆ ತಿದ್ದುಪಡಿಯನ್ನು ಮೇಲಿನವರು ಒಪ್ಪಲೇಬೇಕೆಂದಿಲ್ಲ.

ಇಂಥ ನೋಟ ಮನುಷ್ಯನ ಸಾಮರ್ಥ್ಯವನ್ನೇ ಕುಗ್ಗಿಸಬಲ್ಲದು ಎಂಬುದಕ್ಕೆ ಉತ್ತರಪ್ರದೇಶದ ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯ ಹುಡುಗರು ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರು, ಜಾತಿ ಓದಿ ಹೇಳಿ ಕೊಟ್ಟಾಗ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹುಡುಗರ ಬುದ್ಧಿ ಬದಲಾಗಿರಲಿಲ್ಲ, ಅವರನ್ನು ನೋಡುತ್ತಿರುವ ಕಣ್ಣು ನೆನಪಾಗಿತ್ತು ಅಷ್ಟೆ.

ಮೇಷ್ಟರ ಕಣ್ಣೂ ಹಾಗೆಯೇ. ಅಮೆರಿಕದ ಶಾಲೆಯೊಂದರಲ್ಲಿ ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳನ್ನು ‘ಇವರು ಈ ವರ್ಷ ಚುರುಕಾಗುತ್ತಾರೆ’ ಎಂದು ಶಿಕ್ಷಕರಿಗೆ ಹೇಳಿದಾಗ, ಕೆಳ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಹೋದರೆಂದು ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ವರದಿ ಮಾಡಿದರು. ಪರಿಣಾಮ ಅಷ್ಟು ದೊಡ್ಡದಲ್ಲವೆಂದು ನಂತರದ ಅಧ್ಯಯನಗಳು ತಿದ್ದಿದವು, ಆದರೆ ಇಲ್ಲವೆನ್ನಲಿಲ್ಲ.

ಊಹೆಯ ತಪ್ಪು

ಇಷ್ಟಾದರೂ ನಾಲ್ಕು ಜನ ಏನಂದುಕೊಳ್ಳುತ್ತಾರೆ ಎಂಬ ಲೆಕ್ಕದಲ್ಲಿ ಮನುಷ್ಯ ಪದೇ ಪದೇ ತಪ್ಪುತ್ತಾನೆ. ಈ ಕುರಿತ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 1979ರ ಸಮೀಕ್ಷೆಯೊಂದು ಕೂಲಿಯ ಮಾತಿಗೆ ಅರ್ಧ ಬೆಂಬಲ, ಅರ್ಧ ತಿದ್ದುಪಡಿ ಕೊಟ್ಟಿತು. ಬೇರೆಯವರು ತಮ್ಮನ್ನು ಹೀಗೆ ಕಾಣುತ್ತಾರೆಂದು ಜನ ನಂಬಿದ್ದಕ್ಕೂ ತಮ್ಮ ಬಗ್ಗೆ ತಾವೇ ಇಟ್ಟುಕೊಂಡ ಅಭಿಪ್ರಾಯಕ್ಕೂ ಚೆನ್ನಾಗಿ ತಾಳೆಯಾಗುತ್ತಿತ್ತು. ಬೇರೆಯವರು ನಿಜಕ್ಕೂ ಕಾಣುತ್ತಿದ್ದುದಕ್ಕೆ ಮಾತ್ರ ಅಷ್ಟು ತಾಳೆಯಿರಲಿಲ್ಲ. 2000ದಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರದ ಟಿ-ಷರ್ಟ್ ತೊಡಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಗಮನಿಸಿರುತ್ತಾರೆಂದು ತೊಟ್ಟವರು ಅಂದಾಜು ಮಾಡಿದರು. ಗಮನಿಸಿದ್ದವರು ಕಾಲು ಭಾಗದಷ್ಟು. ತಲೆಯೊಳಗಿನ ನಾಲ್ವರಲ್ಲಿ ಇಬ್ಬರು ನೋಡಿದರೆಂದುಕೊಂಡಾಗ ನಿಜಕ್ಕೂ ನೋಡಿದ್ದವನು ಒಬ್ಬ. ಅರಳಿಕಟ್ಟೆಯಿರುವ ಊರಿಗೆ ಈ ಲೆಕ್ಕ ಹಾಗೇ ಹೊಂದದಿರಬಹುದು, ಅಲ್ಲಿ ನಿಜಕ್ಕೂ ನೋಡುವವರು ಹೆಚ್ಚು. ಆದರೂ ಕಟ್ಟೆಯ ಮೇಲೆ ಕೂತವರಿಗೂ ತಂತಮ್ಮ ನಾಲ್ಕು ಜನರ ಚಿಂತೆ ಇದ್ದೇ ಇರುತ್ತದೆ.

ನಾಲ್ಕು ಜನ ಬದಲಾದಾಗ

ಒಬ್ಬ ಮನುಷ್ಯನನ್ನು ಎಷ್ಟು ಜನ ಬಲ್ಲರೋ ಅಷ್ಟು ಸಾಮಾಜಿಕ ‘ನಾನು’ಗಳು ಅವನಿಗಿರುತ್ತವೆ ಎಂದು ವಿಲಿಯಂ ಜೇಮ್ಸ್ 1890ರಲ್ಲೇ ಸೂಚಿಸಿದ್ದರು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಪಾಳಿ ಕೆಲಸಕ್ಕೆ ಬರುವ ಹಳ್ಳಿಯ ಹುಡುಗ ಯೂನಿಫಾರ್ಮ್ ತೊಟ್ಟು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಾಗ ಅವನ ಕೇರಿ ಯಾವುದೆಂಬುದಕ್ಕಿಂತ ಅವನ ವಿಭಾಗ ಯಾವುದೆಂಬುದು ಮುಂದೆ ಬರುತ್ತದೆ. ಸಂಜೆ ಊರಿನ ಬಸ್ಸಿಳಿದಾಗ ಹಳೆಯ ಗುರುತು ಕಾದು ನಿಂತಿರುತ್ತದೆ. ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಐದು ತೇರುಗಳ ಹಿಂದೆ ಸೇರುವ ಜನಸಾಗರದಲ್ಲಿ ಯಾರ ಗುರುತೂ ಯಾರಿಗೂ ಇಲ್ಲ. ಊರಿನಲ್ಲಿ ತಲೆ ತಗ್ಗಿಸಿ ನಡೆಯುವವನು ಅಲ್ಲಿ ಹಗ್ಗಕ್ಕೆ ಕೈಹಾಕಿ ಕೂಗುತ್ತಾನೆ.

ನೋಡುವವರ ಬಳಗ ಹೊಸದಾದರೆ ‘ನಾನು’ ಕೂಡ ಹೊಸದಾಗಲು ಸಾಧ್ಯ. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಯ ಹೆಂಗಸರು ವಾರಕ್ಕೊಮ್ಮೆ ಸೇರಿ ಉಳಿತಾಯದ ಹಣ ಕಟ್ಟತೊಡಗಿದರು. ಅಲ್ಲಿ ಹಾಜರಿ ಕೂಗುವುದು ಸ್ವಂತ ಹೆಸರಿನಲ್ಲಿ, ಪಾಸ್‌ಪುಸ್ತಕದಲ್ಲಿರುವುದು ಸ್ವಂತ ಸಹಿ. ಮಗನ ಹೆಸರಿನಿಂದಲೇ ಗುರುತಾಗಿದ್ದವಳನ್ನು ಅವಳದೇ ಹೆಸರಿನಿಂದ ಕರೆಯುವ ಹತ್ತು ಹದಿನೈದು ಜನ ಹುಟ್ಟಿಕೊಂಡರು.

ದಲಿತ ಚಳವಳಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲನ್ನು ‘ಬೂಸಾ’ ಎಂದದ್ದು ರಾಜ್ಯವನ್ನೇ ಕಲಕಿತು. ಆ ಸಾಹಿತ್ಯದ ಕನ್ನಡಿಯಲ್ಲಿ ತಮ್ಮ ಮುಖ ಯಾಕಿಲ್ಲ ಎಂಬ ಪ್ರಶ್ನೆ ದಲಿತ ಯುವಕರಲ್ಲಿ ಗಟ್ಟಿಯಾಯಿತು. ಆ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಅಂಬೇಡ್ಕರ್ ಜಯಂತಿಯ ಮೆರವಣಿಗೆಗಳಲ್ಲಿ ಒಬ್ಬರನ್ನೊಬ್ಬರು ಬಹುವಚನದಲ್ಲಿ ಕರೆಯುವ, ಒಬ್ಬರನ್ನೊಬ್ಬರು ತಲೆಯೆತ್ತಿ ನೋಡುವ ಹೊಸ ಬಳಗ ಬೆಳೆಯಿತು. ಚಳವಳಿಯ ಮುಂಚೂಣಿಯಲ್ಲಿದ್ದ ದೇವನೂರ ಮಹಾದೇವ ಅದನ್ನೇ ಭಾಷೆಯಲ್ಲಿ ಮಾಡಿದರು. ನಂಜನಗೂಡು-ಚಾಮರಾಜನಗರ ಸೀಮೆಯ ಆಡುಮಾತನ್ನು ಪೇಟೆಯವರು ನಕ್ಕು ತಿದ್ದುತ್ತಿದ್ದ ಕಾಲದಲ್ಲಿ ಅದೇ ಮಾತಿನಲ್ಲಿ ‘ಕುಸುಮಬಾಲೆ’ ಬರೆದರು. ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಿದ್ದಿಸಿಕೊಳ್ಳುತ್ತಿದ್ದ ಮಾತನ್ನು ಈಗ ವಿಶ್ವವಿದ್ಯಾಲಯದವರು ಕೂತು ಅರ್ಥಮಾಡಿಕೊಳ್ಳಬೇಕಾಯಿತು.

ಮೀಡ್ ‘ನಾನು’ವನ್ನು ಎರಡಾಗಿ ಬಿಡಿಸಿದ್ದು ಇಲ್ಲಿ ನೆನಪಾಗಬೇಕು. ಒಂದು, ಬೇರೆಯವರ ನೋಟವನ್ನು ಒಳಗೆ ತೆಗೆದುಕೊಂಡು ಆದ, ನೋಡಿಸಿಕೊಂಡ ನಾನು. ಇನ್ನೊಂದು, ಆ ನೋಟಕ್ಕೆ ಈ ಕ್ಷಣ ಉತ್ತರ ಕೊಡುವ, ಏನು ಮಾಡೀತೆಂದು ಮೊದಲೇ ಹೇಳಲಾಗದ ನಾನು. ಮೊದಲನೆಯದಿಲ್ಲದೆ ಮನುಷ್ಯ ಊರಲ್ಲಿ ಬಾಳಲಾರ. ಮುಯ್ಯಿ, ಮಾತು, ಮರ್ಯಾದೆ ಯಾವುದೂ ನಡೆಯದು. ಎರಡನೆಯದಿಲ್ಲದಿದ್ದರೆ ಊರು ಬದಲಾಗದು. ಎರಡನೆಯದು ಎದ್ದು ನಿಲ್ಲಲು ಕೂಡ ಆಸರೆಯಾಗಿ ಯಾರಾದರೂ ಬೇಕು: ಹೆಸರು ಹಿಡಿದು ಕರೆಯುವ ಸಂಘದ ಗೆಳತಿ, ‘ಬನ್ನಿ’ ಎನ್ನುವ ಸಂಗಾತಿ, ಇವನು ಮುಂದೆ ಬರುತ್ತಾನೆಂದು ನಂಬಿದ ಮೇಷ್ಟರು. ನಾಲ್ಕು ಜನರ ಕಣ್ಣಿನಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಬದಲಾದವರೆಲ್ಲ ಬೇರೆ ನಾಲ್ಕು ಜನರನ್ನು ಹುಡುಕಿಕೊಂಡವರು.